ಜೈಲಿನ ರಿಜಿಸ್ಟರ್‌ಗಾಗಿ ಹಾಕಿದ ಮಾಹಿತಿ ಹಕ್ಕಿನ ಅರ್ಜಿ

ನಾನು ಕೇಳಿದ್ದು ಮೂರೇ ಸಂಗತಿ. ನನ್ನ ತಮ್ಮನಿಗೆ ಜೈಲಿನಲ್ಲಿ ಫಿಟ್ಸ್ ಮಾತ್ರೆಯನ್ನು ಯಾವ ಯಾವ ದಿನ ಕೊಟ್ಟಿರಿ? ಫಿಟ್ಸ್ ಬಂದ ರಾತ್ರಿ ಅದನ್ನು ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ? ಹೊರಗಿನ ಆಸ್ಪತ್ರೆಗೆ ಕರೆದೊಯ್ಯಲು ಎಸ್ಕಾರ್ಟ್ (ಪೊಲೀಸ್ ಕಾವಲು) ಕೇಳಿದ್ದು ಯಾವಾಗ, ಅದು ಬಂದಿದ್ದು ಯಾವಾಗ?

ಬಂದ ಉತ್ತರ ಒಂದೇ ವಾಕ್ಯ. "ಸದರಿ ಮಾಹಿತಿಯು ಕಾರಾಗೃಹದ ಭದ್ರತೆಗೆ ಸಂಬಂಧಿಸಿದ್ದರಿಂದ ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 8(1)(ಎ), (ಜಿ) ಮತ್ತು (ಹೆಚ್) ಅಡಿಯಲ್ಲಿ ನೀಡಲು ಅವಕಾಶವಿರುವುದಿಲ್ಲ."

ಮಾತ್ರೆ ಕೊಟ್ಟ ದಿನಾಂಕಕ್ಕೂ ರಾಜ್ಯದ ಭದ್ರತೆಗೂ ಏನು ಸಂಬಂಧ? ಆ ಪ್ರಶ್ನೆ ಹಿಡಿದುಕೊಂಡು ನಾನು ಹೋದ ದಾರಿ ಇದು. ಯಾವ ಜಿಲ್ಲೆ, ಯಾವ ಜೈಲು ಅಂತ ಇಲ್ಲಿ ಹೇಳುವುದಿಲ್ಲ. ತಮ್ಮನ ಕೇಸು ಇನ್ನೂ ನಡೆಯುತ್ತಿದೆ. ಆದರೆ ಇದೇ ದಾರಿಯಲ್ಲಿ ಹೋಗಬೇಕಾದವರು ತುಂಬಾ ಜನ ಇದ್ದಾರೆ. ಮನೆಯವರೊಬ್ಬರು ಜೈಲಿನಲ್ಲಿದ್ದರೆ ನಾವು ಯಾರಿಗೂ ಹೇಳುವುದಿಲ್ಲ, ಹಾಗಾಗಿ ಒಬ್ಬರಿಗೆ ತಿಳಿದಿದ್ದು ಇನ್ನೊಬ್ಬರಿಗೆ ತಲುಪುವುದೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಜಾಗ ಇದ್ದಿದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿಲ್ಲ. ನನ್ನ ತಮ್ಮನೂ ಅಂಥವರಲ್ಲಿ ಒಬ್ಬ.

ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಬೆಳಗ್ಗೆ, ರಾತ್ರಿ ಮಾತ್ರೆ ತಪ್ಪಬಾರದು. ತಪ್ಪಿದರೆ ಮತ್ತೆ ಬರುತ್ತದೆ ಅಂತ ನರರೋಗದ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಜೈಲಿಗೆ ಹೋದ ದಿನವೇ ಡಾಕ್ಟರ ಚೀಟಿಯ ಜೆರಾಕ್ಸ್ ಕೊಟ್ಟಿದ್ದೆವು. ಒಂದು ಸಲ ಸಂದರ್ಶನಕ್ಕೆ ಹೋದಾಗ ಅವನ ನಾಲಿಗೆ ಊದಿಕೊಂಡಿತ್ತು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅಕ್ಕಾ, ಮೂರ್ನಾಲ್ಕು ದಿನದಿಂದ ಮಾತ್ರೆ ಬಂದಿಲ್ಲ. ಮೊನ್ನೆ ರಾತ್ರಿ ಫಿಟ್ಸ್ ಬಂದಿತ್ತಂತೆ. ನಂಗೇನೂ ನೆನಪಿಲ್ಲ, ಪಕ್ಕದಲ್ಲಿ ಮಲಗಿದ್ದವರು ಹೇಳಿದ್ರು" ಅಂದ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಮರುದಿನ ಮಧ್ಯಾಹ್ನದ ಮೇಲೆ.

ವಕೀಲರು ಒಂದು ವಿಷಯ ಸ್ಪಷ್ಟವಾಗಿ ಹೇಳಿದರು. ಚಿಕಿತ್ಸೆ ಬೇಕಿದ್ದರೆ ಕೋರ್ಟಿಗೆ ಹೋಗಬೇಕು. ಏನಾಯಿತು ಅಂತ ತಿಳಿಯಬೇಕಿದ್ದರೆ ಮಾಹಿತಿ ಹಕ್ಕು. ಎರಡನ್ನೂ ಬೆರೆಸಬಾರದು. ಅವರು ಅದೇ ವಾರ ಕೋರ್ಟಿನಲ್ಲಿ ಮೆಮೋ ಹಾಕಿದರು. ಸರಿಯಾದ ಚಿಕಿತ್ಸೆ ಕೊಡಿ ಅಂತ ಜೈಲಿಗೆ ಆದೇಶವೂ ಆಯಿತು. ಅರ್ಜಿಯ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಎದ್ದ ಪ್ರಶ್ನೆ, ಯಾರು ಕೇಳಬೇಕು ಅನ್ನೋದು. ತಮ್ಮನ ಆರೋಗ್ಯದ ದಾಖಲೆಯನ್ನು ಅಕ್ಕ ಕೇಳಿದರೆ ಅದು ಇನ್ನೊಬ್ಬರ ವೈಯಕ್ತಿಕ ಮಾಹಿತಿ ಆಗುತ್ತದೆ. 8(1)(ಜೆ) ಕಲಂ ಹಾಕಿ ವಾಪಸ್ ಕಳಿಸಬಹುದು. ಅದಕ್ಕೆ ವಕೀಲರು ತಮ್ಮನಿಂದ ಒಪ್ಪಿಗೆ ಪತ್ರ ಬರೆಸಿದರು. "ನನ್ನ ಚಿಕಿತ್ಸೆಯ ಎಲ್ಲ ದಾಖಲೆಗಳನ್ನು ನನ್ನ ಅಕ್ಕನಿಗೆ ಕೊಡಲು ನನ್ನ ಒಪ್ಪಿಗೆ ಇದೆ" ಅಂತ ಎರಡು ಸಾಲು. ವಕಾಲತ್ತಿಗೆ ಕೈದಿಯ ಸಹಿ ಹಾಕಿಸಿ ಜೈಲಿನವರು ದೃಢೀಕರಿಸಿ ಕೊಡುತ್ತಾರಲ್ಲ, ಈ ಪತ್ರವನ್ನೂ ಹಾಗೇ ದೃಢೀಕರಿಸಿಕೊಂಡರು. ಆ ಒಂದು ಹಾಳೆ ಮುಂದೆ ತುಂಬಾ ಕೆಲಸಕ್ಕೆ ಬಂತು. ಇಂಥ ಅರ್ಜಿ ಹಾಕುವವರು ಮೊದಲು ಆ ಪತ್ರ ಮಾಡಿಸಿಕೊಳ್ಳಿ. ಈಗಂತೂ ಅದು ಇನ್ನೂ ಮುಖ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ 8(1)(ಜೆ) ಕಲಂ ಬದಲಾಗಿದೆ. ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂದು ಮೊದಲು ಆ ಕಲಮಿನ ಒಳಗೇ ಇದ್ದ ಮಾತು ಈಗ ಅಲ್ಲಿಲ್ಲ. 8(2)ರಲ್ಲಿ ಮಾತ್ರ ಉಳಿದಿದೆ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ನನಗೆ ಮೊದಲು ಇದು ಕಿರಿಕಿರಿ ಅನ್ನಿಸಿತ್ತು. ಬರೆಯುತ್ತಾ ಹೋದಂತೆ ಉಪಕಾರವೇ ಆಯಿತು. ದುಃಖವನ್ನೆಲ್ಲ ಬರೆಯಲು ಅಲ್ಲಿ ಜಾಗವೇ ಇಲ್ಲ. ಯಾವ ರಿಜಿಸ್ಟರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಅಷ್ಟೇ. ಯಾಕೆ ಬೇಕು ಅಂತಲೂ ಹೇಳಬೇಕಿಲ್ಲ. 6(2)ನೇ ಕಲಂ ಪ್ರಕಾರ ಕಾರಣ ಕೇಳುವ ಹಾಗೇ ಇಲ್ಲ. ಹಾಗಾಗಿ ನಮೂನೆ ಎ-ಯಲ್ಲಿ ಬೇರೆ ಬೇರೆ ಅರ್ಜಿ ಬರೆದೆ. ಪ್ರತಿಯೊಂದಕ್ಕೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಆನ್‌ಲೈನ್ ಪೋರ್ಟಲ್ ಕೂಡ ಇದೆ, ಆದರೆ ಒಪ್ಪಿಗೆ ಪತ್ರದ ಅಸಲು ಪ್ರತಿ ಇರಲಿ ಅಂತ ನಾನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ.

ಅದರಲ್ಲಿ ಒಂದು ಅರ್ಜಿಯ ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ: "ಜೀವಕ್ಕೆ ಸಂಬಂಧಿಸಿದ ಮಾಹಿತಿ, ಕಲಂ 7(1), 48 ಗಂಟೆ." ಸಾಮಾನ್ಯ ಅರ್ಜಿಗೆ 30 ದಿನದ ಗಡುವು. ಒಬ್ಬರ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಈಗ ನನ್ನ ತಮ್ಮನಿಗೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಕೊಡುತ್ತಿದ್ದೀರಿ ಅಂತ ಅದರಲ್ಲಿ ಕೇಳಿದ್ದೆ. 48 ಗಂಟೆಯಲ್ಲಿ ಉತ್ತರ ಬರಲಿಲ್ಲ. ಆದರೆ ಮುಂದಿನ ಸಂದರ್ಶನದಲ್ಲಿ ತಮ್ಮ, "ಈಗ ದಿನಾ ಕರೆದು ಮಾತ್ರೆ ಕೊಡ್ತಾರೆ, ಸೈನ್ ಹಾಕಿಸ್ಕೋತಾರೆ" ಅಂದ. ಕೋರ್ಟ್ ಆದೇಶದಿಂದಲೋ ಈ ಕವರಿನಿಂದಲೋ, ನನಗೆ ಅಷ್ಟೇ ಸಾಕಾಗಿತ್ತು. ಸಹಿ ಹಾಕಿಸಿಕೊಳ್ಳುತ್ತಾರೆ ಅಂದರೆ ಒಂದು ಪುಸ್ತಕ ಇದೆ ಅಂತ ಆಯಿತಲ್ಲ.

ಉಳಿದ ಅರ್ಜಿಗಳಿಗೆ ಬಂದದ್ದು ಮೇಲೆ ಹೇಳಿದ ಆ ಒಂದೇ ವಾಕ್ಯ.

ಇದೇ ಹೊತ್ತಿಗೆ ಜಿಲ್ಲಾ ಆಸ್ಪತ್ರೆಗೂ ಅದೇ ಒಪ್ಪಿಗೆ ಪತ್ರ ಇಟ್ಟು ಅರ್ಜಿ ಕೊಟ್ಟಿದ್ದೆ. ಅಲ್ಲಿಂದ ಕೇಸ್ ಶೀಟಿನ ಪೂರ್ತಿ ನಕಲು ತಕರಾರಿಲ್ಲದೆ ಬಂತು. ರೋಗಿಯನ್ನು ಕರೆತಂದ ಸಮಯ, ನಾಲಿಗೆಯ ಗಾಯ, ರಕ್ತದಲ್ಲಿ ಔಷಧದ ಮಟ್ಟ ನೋಡಲು ಬರೆದದ್ದು, ಎಲ್ಲ ಅದರಲ್ಲಿತ್ತು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲೇ ಇದೆ. ಅದೇ ಮನುಷ್ಯ, ಅದೇ ಕಾಯಿಲೆ, ಅದೇ ದಿನ. ಆಸ್ಪತ್ರೆಯ ಗೇಟಿನ ಈಚೆಗೆ ಅದು ರೋಗಿಯ ಹಕ್ಕು. ಜೈಲಿನ ಗೇಟಿನ ಆಚೆಗೆ ಅದು ಭದ್ರತೆಯ ಗುಟ್ಟು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಮೇಲ್ಮನವಿ ಹಾಕಲು ಧೈರ್ಯ ಬಂದಿದ್ದು ಅಲ್ಲಿಂದಲೇ.

ಕಾಯ್ದೆಯ ಪುಸ್ತಕ ತಂದು ಕೂತು ಓದಿದೆ. ಅಷ್ಟೇನೂ ಕಷ್ಟ ಇಲ್ಲ. 8(1)(ಎ) ಹೇಳುವುದು ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶ ಸಂಬಂಧ ಇಂಥವನ್ನು. (ಜಿ) ಹೇಳುವುದು, ಮಾಹಿತಿ ಹೊರಬಿದ್ದರೆ ಯಾರದಾದರೂ ಜೀವಕ್ಕೆ ಅಪಾಯ ಆಗುವುದು, ಅಥವಾ ನಂಬಿಕೆಯ ಮೇಲೆ ಸುದ್ದಿ ಕೊಟ್ಟವರು ಯಾರೆಂದು ಗೊತ್ತಾಗುವುದು. (ಹೆಚ್) ಹೇಳುವುದು ತನಿಖೆಗೆ ಅಡ್ಡಿ ಆಗುವುದು. ಇದರಲ್ಲಿ (ಜಿ) ಬಗ್ಗೆ ನನಗೆ ಗೌರವ ಇದೆ. ಬ್ಯಾರಕ್ಕಿನಲ್ಲಿ ಯಾರ ಹತ್ತಿರ ಮೊಬೈಲ್ ಇದೆ, ಗಾಂಜಾ ಎಲ್ಲಿಂದ ಬರುತ್ತಿದೆ ಅಂತ ಅಧಿಕಾರಿಗಳಿಗೆ ಹೇಳಿದ ಕೈದಿಯ ಹೆಸರು ಹೊರಬಂದರೆ ಅವನ ಗತಿ ಏನು? ಅದು ಗುಟ್ಟಾಗಿಯೇ ಇರಬೇಕು. ಆದರೆ ಮಾತ್ರೆಯ ರಿಜಿಸ್ಟರಿನಲ್ಲಿ ಅಂಥದ್ದು ಏನಿದೆ?

(ಹೆಚ್) ಬಗ್ಗೆ ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಎಂಬುವರ ಪ್ರಕರಣದಲ್ಲಿ ಹೇಳಿದ ಮಾತು ನನ್ನ ಮೇಲ್ಮನವಿಯ ಜೀವಾಳವಾಯಿತು. ತನಿಖೆ ನಡೆಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಮಾಹಿತಿ ನಿರಾಕರಿಸುವಂತಿಲ್ಲ. ಆ ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಆಗುತ್ತದೆ ಎಂದು ಅಧಿಕಾರಿ ತೋರಿಸಬೇಕು. ಇದರ ಜೊತೆಗೆ 19(5)ನೇ ಕಲಂ ಇದೆ. ನಿರಾಕರಿಸಿದ್ದು ಸರಿ ಎಂದು ಸಾಬೀತು ಮಾಡುವ ಹೊಣೆ ಅಧಿಕಾರಿಯದು, ಅರ್ಜಿದಾರರದಲ್ಲ. ಇನ್ನು 10ನೇ ಕಲಂ. ಒಂದು ಹಾಳೆಯಲ್ಲಿ ಕೊಡಬಾರದ ಭಾಗ ಇದ್ದರೆ ಅದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ನನ್ನ ಅನುಭವದಲ್ಲಿ ಜೈಲಿನ ವಿಷಯಕ್ಕೆ ಇದಕ್ಕಿಂತ ಉಪಯೋಗದ ಕಲಂ ಇನ್ನೊಂದಿಲ್ಲ. ಜನ ಇದನ್ನು ಕೇಳುವುದು ಕಡಿಮೆ.

ನಿರಾಕರಣೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಹಾಕಿದೆ. ವಿಚಾರಣೆಗೆ ಕರೆದರು.

ಮೇಲ್ಮನವಿ ಅಧಿಕಾರಿ ಸಿಟ್ಟಿನ ಮನುಷ್ಯರೇನೂ ಅಲ್ಲ. ಕೂರಿಸಿ ಮಾತಾಡಿದರು. "ನೋಡಮ್ಮಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಜೈಲಿನ ಪೇಪರ್ ಒಂದು ಹೊರಗೆ ಹೋದರೆ ನಾಳೆ ಹತ್ತು ಜನ ಕೇಳ್ತಾರೆ. ಹಿಂದೆ ಒಬ್ಬರು ನಮ್ಮ ವೀಕ್ಷಕರ ಹೆಸರು, ಮನೆ ವಿಳಾಸ, ಡ್ಯೂಟಿ ಪಟ್ಟಿ ಎಲ್ಲ ಕೇಳಿದ್ರು. ಕೊಟ್ಟಿದ್ರೆ ಏನಾಗ್ತಿತ್ತು?" ಅಂದರು.

ಆ ಮಾತಿನಲ್ಲಿ ಸತ್ಯ ಇತ್ತು. ವೀಕ್ಷಕರ, ಅಂದರೆ ಜೈಲಿನ ಕಾವಲಿನವರ, ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಒಳಗಿರುವ ರೌಡಿಯ ಕಡೆಯವರು ಹೊರಗೆ ಅವರ ಮನೆ ಹುಡುಕಿಕೊಂಡು ಹೋದರೆ? ನಾನು ಹಾಗೇ ಹೇಳಿದೆ. "ಸರ್, ಅದನ್ನು ಕೊಡಬೇಡಿ. ನಾನೂ ಬೇಡ ಅಂತೀನಿ. ಮನೆಗೆ ಬೀಗ ಎಲ್ಲಿ ಹಾಕ್ತೀರಿ ಅಂತ ಕೇಳೋದು ಬೇರೆ, ಮನೆಯೊಳಗಿರೋ ನನ್ನ ತಮ್ಮನಿಗೆ ಊಟ ಹಾಕಿದ್ರಾ ಅಂತ ಕೇಳೋದು ಬೇರೆ ಅಲ್ವಾ? ನಾನು ಕೇಳಿದ್ದು ಎರಡನೇದು."

ಅವರು ಸ್ವಲ್ಪ ಹೊತ್ತು ಅರ್ಜಿ ನೋಡಿದರು. "ಎಸ್ಕಾರ್ಟ್ ವಿಷಯ ಭದ್ರತೆಯದ್ದೇ" ಅಂದರು.

ಇಲ್ಲಿ ನನ್ನ ವಕೀಲರು ಹೇಳಿಕೊಟ್ಟಿದ್ದ ಮಾತು ನೆನಪಾಯಿತು. ನಾಳೆ ಕೈದಿಯನ್ನು ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ, ಎಷ್ಟು ಜನ ಕಾವಲಿನವರೊಂದಿಗೆ ಕರೆದೊಯ್ಯುತ್ತಾರೆ ಅನ್ನೋದು ಗುಟ್ಟೇ. ಆ ಸಮಯ ಗೊತ್ತಾದರೆ ದಾರಿಯಲ್ಲಿ ದಾಳಿ ಮಾಡಬಹುದು, ತಪ್ಪಿಸಿಕೊಂಡು ಹೋಗಬಹುದು. ಆದರೆ ಎರಡು ತಿಂಗಳ ಹಿಂದೆ ಎಸ್ಕಾರ್ಟ್ ಯಾಕೆ ಬರಲಿಲ್ಲ ಅನ್ನೋದು ಯಾರಿಗೆ ಅಪಾಯ? ಆ ಪ್ರಯಾಣ ಮುಗಿದು ಹೋಗಿದೆ. ಅದನ್ನು ತಿಳಿದು ಯಾರೂ ಏನೂ ಮಾಡಲಾರರು, ಇನ್ನೊಂದು ಸಲ ಹಾಗಾಗದಂತೆ ನೋಡಿಕೊಳ್ಳಬಹುದು ಅಷ್ಟೇ. ಜೈಲನ್ನು ಹೇಗೆ ಕಾಯುತ್ತೀರಿ ಅಂತ ಕೇಳಬೇಡಿ, ಒಳಗಿದ್ದವರಿಗೆ ಏನಾಯಿತು ಅಂತ ಕೇಳಿ. ಈ ಎರಡರ ನಡುವೆ ಗೆರೆ ಎಳೆಯಲು ಸಾಧ್ಯ. ಆ ಗೆರೆಯನ್ನು ಹಾಳೆಯಿಂದ ಹಾಳೆಗೆ, ಸಾಲಿನಿಂದ ಸಾಲಿಗೆ ನೋಡಿ ಎಳೆಯಬೇಕು. ಜೈಲಿನ ಗೋಡೆಯನ್ನೇ ಗೆರೆ ಅಂದುಕೊಂಡರೆ ಒಳಗಿನದೆಲ್ಲ ಗುಟ್ಟಾಗಿಬಿಡುತ್ತದೆ.

ಇನ್ನೊಂದು ಅರ್ಜಿಯಲ್ಲಿ ವೈದ್ಯರ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು, ಜೈಲಿನ ಸಾಮರ್ಥ್ಯ ಎಷ್ಟು, ಈಗ ಒಳಗಿರುವವರು ಎಷ್ಟು ಅಂತ ಕೇಳಿದ್ದೆ. ಅದಕ್ಕೂ ಭದ್ರತೆಯ ಉತ್ತರವೇ ಬಂದಿತ್ತು. ಇದಕ್ಕೆ ವಾದ ಸುಲಭ. ಶಾಸನಸಭೆಗೆ ಕೊಡಲು ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯರಿಗೂ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇತ್ತು. ಶಾಸಕರು ಸದನದಲ್ಲಿ ಕೇಳಿದರೆ ಖಾಲಿ ಹುದ್ದೆಯ ಲೆಕ್ಕ ಕೊಡುತ್ತಾರೆ. ಎನ್‌ಸಿಆರ್‌ಬಿ ವರದಿಗೆ ವರ್ಷ ವರ್ಷ ರಾಜ್ಯಗಳೇ ಇಂಥ ಲೆಕ್ಕ ಕಳಿಸುತ್ತವೆ. ಅಧಿಕಾರಿ ಇದನ್ನು ಕೂಡಲೇ ಒಪ್ಪಿದರು. ಆ ಮಾಹಿತಿ ಒಂದೇ ಹಾಳೆಯಲ್ಲಿ ಬಂತು.

ಅವರ ಆದೇಶದಲ್ಲಿ ನನಗೆ ಸಿಕ್ಕಿದ್ದು ಇಷ್ಟು: ತಮ್ಮನಿಗೆ ಸಂಬಂಧಿಸಿದ ಓಪಿಡಿ ರಿಜಿಸ್ಟರಿನ ನಮೂದುಗಳು, ಔಷಧದ ಪುಸ್ತಕ, ಎಸ್ಕಾರ್ಟ್ ಕೇಳಿ ಬರೆದ ಪತ್ರಗಳನ್ನು ನೋಡಬಹುದು. ಬೇರೆ ಕೈದಿಗಳ ಹೆಸರು ಮುಚ್ಚಿರಬೇಕು. ರಾತ್ರಿ ಕಾವಲಿನ ದಿನಚರಿ ಪುಸ್ತಕ, ಡ್ಯೂಟಿ ಪಟ್ಟಿ, ಸಿಸಿಟಿವಿ ದೃಶ್ಯ ಇಲ್ಲ.

ದಾಖಲೆ ನೋಡಲು ಹೋದ ದಿನದ ಬಗ್ಗೆ ಸ್ವಲ್ಪ ಹೇಳಬೇಕು. ಕಾಯ್ದೆಯ 2(ಜೆ) ಪ್ರಕಾರ ಮಾಹಿತಿ ಹಕ್ಕು ಅಂದರೆ ನಕಲು ಪಡೆಯುವುದು ಮಾತ್ರ ಅಲ್ಲ, ಕಡತವನ್ನೇ ಕೂತು ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದೂ ಸೇರುತ್ತದೆ. ಎಷ್ಟೋ ಸಲ ನಕಲು ಕೇಳುವುದಕ್ಕಿಂತ ಇದು ಒಳ್ಳೆಯದು. ಯಾವ ರಿಜಿಸ್ಟರಿಗೆ ಅಲ್ಲಿ ಏನು ಹೆಸರು ಅಂತ ನಮಗೆ ಗೊತ್ತಿರುವುದಿಲ್ಲ. ಎದುರಿಗೆ ಇಟ್ಟರೆ ಗೊತ್ತಾಗುತ್ತದೆ. ಮೊಬೈಲನ್ನು ಗೇಟಿನಲ್ಲೇ ತೆಗೆದಿಟ್ಟರು. ಒಬ್ಬ ಗುಮಾಸ್ತರು ಪಕ್ಕದಲ್ಲಿ ಕೂತು, ಪುಟ ತಿರುಗಿಸುವಾಗೆಲ್ಲ ಬಿಳಿ ಹಾಳೆ ಅಡ್ಡ ಇಟ್ಟು ಬೇರೆಯವರ ಹೆಸರು ಕಾಣದಂತೆ ಹಿಡಿದಿದ್ದರು. ಆ ಎಚ್ಚರಿಕೆ ನನಗೆ ಇಷ್ಟವಾಯಿತು. ನನ್ನ ತಮ್ಮನ ಹೆಸರನ್ನೂ ಇನ್ನೊಬ್ಬರಿಗೆ ತೋರಿಸುವಾಗ ಹಾಗೇ ಮುಚ್ಚಲಿ.

ಆ ಪುಟಗಳಲ್ಲಿ ನಾನು ಅಂದುಕೊಂಡಿರದ ಸಂಗತಿ ಇತ್ತು. ನಾವು ಮನೆಯಲ್ಲಿ ಎಲ್ಲರೂ ಜೈಲಿನವರನ್ನೇ ಬಯ್ಯುತ್ತಿದ್ದೆವು. ಆದರೆ ಅವರು ಬರೆದಿದ್ದರು. ಔಷಧ ಮುಗಿಯುತ್ತಾ ಬಂದಿದೆ, ಕಳಿಸಿ ಅಂತ ಮುಂಚೆಯೇ ಬೇಡಿಕೆ ಪಟ್ಟಿ ಹೋಗಿತ್ತು. ಅದು ಬಂದಿರಲಿಲ್ಲ. ತಮ್ಮನನ್ನು ನರರೋಗದ ಡಾಕ್ಟರಿಗೆ ತೋರಿಸಬೇಕು, ಎಸ್ಕಾರ್ಟ್ ಕೊಡಿ ಅಂತ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ (ಡಿಎಆರ್) ಪತ್ರ ಹೋಗಿತ್ತು. ಡಿಎಆರ್‌ನಿಂದ, ಸಿಬ್ಬಂದಿ ಬಂದೋಬಸ್ತಿಗೆ ಹೋಗಿದ್ದಾರೆ, ಮುಂದಿನ ವಾರ ನೋಡೋಣ ಅಂತ ಉತ್ತರ. ಜೈಲಿನಿಂದ ಮತ್ತೆ ಪತ್ರ. ಮತ್ತೆ ಅದೇ ಉತ್ತರ. ಫಿಟ್ಸ್ ಬಂದಿದ್ದು ಈ ಪತ್ರಗಳ ನಡುವೆ. ಮರುದಿನ ಬೆಳಗ್ಗೆಯೇ ತುರ್ತು ಎಸ್ಕಾರ್ಟ್ ಕೇಳಿದ್ದರು. ವಾಹನ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ನಮ್ಮಲ್ಲಿ ಕೈದಿಯನ್ನು ಹೊರಗೆ ಕರೆದೊಯ್ಯುವುದು ಜೈಲಿನ ಸಿಬ್ಬಂದಿ ಅಲ್ಲ, ಪೊಲೀಸ್ ಇಲಾಖೆಯ ಮೀಸಲು ಪಡೆ. ಹಬ್ಬ, ಚುನಾವಣೆ, ಮಂತ್ರಿಗಳ ಪ್ರವಾಸ ಬಂದರೆ ಮೊದಲು ನಿಲ್ಲುವುದು ಕೈದಿಗಳ ಕೋರ್ಟು ಮತ್ತು ಆಸ್ಪತ್ರೆ. ಇದು ಒಳಗಿರುವ ಎಲ್ಲರಿಗೂ ಗೊತ್ತು, ಸಿಬ್ಬಂದಿಗೂ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ, ಯಾಕೆಂದರೆ ಪತ್ರಗಳು ಕಡತದೊಳಗೆ ಇರುತ್ತವೆ. ಆ ಕಡತ ಮುಚ್ಚಿಟ್ಟು ಜೈಲಿನವರು ಕಾಪಾಡಿದ್ದು ಯಾರನ್ನು? ತಮ್ಮನ್ನು ತಾವಂತೂ ಅಲ್ಲ. ತಾವು ಮಾಡಿದ ಒಳ್ಳೆಯ ಕೆಲಸದ ಸಾಕ್ಷಿಯನ್ನೇ ಭದ್ರತೆ ಎಂದು ಬಚ್ಚಿಟ್ಟಿದ್ದರು. ನನಗೆ ಇದು ತುಂಬಾ ನೋವಿನ ಸಂಗತಿ ಅನ್ನಿಸಿತು. ಆ ದಿನ ಗುಮಾಸ್ತರಿಗೆ, "ಸರ್, ಇದನ್ನು ಮೊದಲೇ ಕೊಟ್ಟಿದ್ರೆ ನಾವು ನಿಮ್ಮನ್ನು ಬಯ್ತಾನೇ ಇರ್ಲಿಲ್ಲ" ಅಂದೆ. ಅವರು, "ನಮಗೂ ಕೊಡಬೇಕು ಅಂತಾನೇ ಇತ್ತು ಮೇಡಂ, ಆದರೆ ರೂಢಿ ಇಲ್ಲ" ಅಂದರು.

ರೂಢಿಯ ಮಾತು ಬಂತು, ಹೇಳಿಬಿಡುತ್ತೇನೆ. ಭದ್ರತೆ ಅಂತ ಮುಚ್ಚಿದ ಬಾಗಿಲ ಹಿಂದೆ ಏನೇನು ನಡೆಯುತ್ತದೆ ಅಂತ ಕರ್ನಾಟಕ ನೋಡಿದೆ. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ವರದಿ ಕೊಟ್ಟರು. ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಂದ ತನಿಖೆ ಮಾಡಿಸಿತು. ಆ ತನಿಖಾ ವರದಿ ಜನರ ಕೈಗೆ ಬಂದಿದ್ದು 2019ರ ಜನವರಿಯಲ್ಲಿ, ಅದೂ ಮಾಹಿತಿ ಹಕ್ಕಿನ ಅರ್ಜಿಯಿಂದ. ವಿಶೇಷ ಸೌಲಭ್ಯ ಸಿಕ್ಕಿದ್ದು ನಿಜ ಎಂದು ಅದರಲ್ಲಿತ್ತು. 2024ರ ಆಗಸ್ಟ್‌ನಲ್ಲಿ ಅದೇ ಜೈಲಿನಿಂದ ನಟ ದರ್ಶನ್ ಕುರ್ಚಿ ಹಾಕಿ ಕೂತು ಸಿಗರೇಟ್ ಹಿಡಿದಿದ್ದ ಫೋಟೊ ಹೊರಬಂತು. ಅಧಿಕಾರಿಗಳು ಅಮಾನತಾದರು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಫೋಟೊ ತೆಗೆಯುವ ಮೊಬೈಲ್ ಒಳಗೆ ಹೋಗಿತ್ತು ಅನ್ನುವುದೇ ನಿಜವಾದ ಭದ್ರತೆಯ ಪ್ರಶ್ನೆ. ದುಡ್ಡು, ಹೆಸರು ಇದ್ದವರ ವಿಷಯ ಹೇಗೋ ಹೊರಗೆ ಬರುತ್ತದೆ. ಮಾತ್ರೆ ಸಿಗದ ಬಡವನ ವಿಷಯ ಬರಬೇಕಾದರೆ ರಿಜಿಸ್ಟರ್ ತೆರೆಯಲೇಬೇಕು.

ರಾತ್ರಿಯ ದಿನಚರಿ ಪುಸ್ತಕಕ್ಕಾಗಿ ಎರಡನೇ ಮೇಲ್ಮನವಿ ಹಾಕಿದೆ. ಮೊದಲ ಮೇಲ್ಮನವಿಯ ಆದೇಶದಿಂದ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬೇಕು. ಇದಕ್ಕೆ ತಾಳ್ಮೆ ಬೇಕು. ಆಯೋಗದ ಮುಂದೆ ಬಾಕಿ ಜಾಸ್ತಿ. ನನ್ನ ಸರದಿ ಬರಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟರಲ್ಲಿ ತಮ್ಮನಿಗೆ ಜಾಮೀನು ಆಗಿತ್ತು. ಇನ್ನು ಬಿಡು ಅಂತ ಮನೆಯಲ್ಲಿ ಹೇಳಿದರು. ಅಮ್ಮನಿಗಂತೂ ಜೈಲು ಅನ್ನೋ ಮಾತೇ ಬೇಡವಾಗಿತ್ತು. ಬಿಡಲು ನನಗೆ ಮನಸ್ಸಾಗಲಿಲ್ಲ. ಅವನು ಮಲಗಿದ್ದ ಜಾಗದಲ್ಲಿ ಈಗ ಇನ್ನೊಬ್ಬ ಮಲಗಿರುತ್ತಾನೆ.

ವಿಚಾರಣೆ ಬೆಂಗಳೂರಿನ ಮಾಹಿತಿ ಸೌಧದಲ್ಲಿ. ನಾನು ಅಲ್ಲಿ ಕೇಳಿದ್ದನ್ನು ಕಡಿಮೆ ಮಾಡಿದೆ. ಡ್ಯೂಟಿ ಪಟ್ಟಿ ಬೇಡ ಅಂದೆ. ಕಾವಲಿನವರ ಹೆಸರು, ಗೋಪುರದ ನಂಬರು, ಬೀಗ ಬದಲಾಯಿಸುವ ಸಮಯ, ಎಲ್ಲ ಮುಚ್ಚಿ ಕೊಡಿ ಅಂದೆ. ಆ ಒಂದು ರಾತ್ರಿ, ಆ ಒಂದು ಬ್ಯಾರಕ್ಕಿನಿಂದ ಕೂಗು ಬಂದಿದ್ದು ಎಷ್ಟು ಗಂಟೆಗೆ, ವೈದ್ಯರಿಗೆ ಫೋನ್ ಮಾಡಿದ್ದು ಎಷ್ಟು ಗಂಟೆಗೆ. ಇವೆರಡು ಸಾಲು ಸಾಕು. ಇದರಿಂದ ಭದ್ರತೆಗೆ ಹೇಗೆ ಧಕ್ಕೆ ಅಂತ ಆಯುಕ್ತರು ಅಧಿಕಾರಿಯನ್ನು ಕೇಳಿದರು. ಬಂದಿದ್ದವರು ಹೊಸಬರು, ಕಡತ ಓದಿಕೊಂಡು ಬಂದಿದ್ದರು. ಮುಚ್ಚಿ ಕೊಡಲು ತೊಂದರೆ ಇಲ್ಲ ಅಂದರು. ಹೆಸರುಗಳನ್ನು ಮುಚ್ಚಿ ಆ ಭಾಗ ಕೊಡಿ ಅಂತ ಆದೇಶವಾಯಿತು. ಕೇಳುವಾಗಲೇ ಗೆರೆ ಎಳೆದುಕೊಂಡು ಹೋದರೆ ಎದುರಿನವರಿಗೂ ಹೌದು ಅನ್ನುವುದು ಸುಲಭ. ಎಲ್ಲ ಬೇಕು ಅಂದವರಿಗೆ ಏನೂ ಇಲ್ಲ ಅನ್ನಲು ಅವರಿಗೆ ಕಾರಣ ಸಿಗುತ್ತದೆ.

ಬಂದ ಪ್ರತಿಯಲ್ಲಿ ಕೂಗಿಗೂ ಫೋನಿಗೂ ನಡುವೆ ಒಂದು ಗಂಟೆಗಿಂತ ಹೆಚ್ಚು ಅಂತರ ಇತ್ತು. ಅದನ್ನು ವಕೀಲರಿಗೆ ಕೊಟ್ಟಿದ್ದೇನೆ. ಮುಂದೇನು ಮಾಡಬೇಕು ಅಂತ ಅವರು ಯೋಚಿಸುತ್ತಿದ್ದಾರೆ.

ಸಿಸಿಟಿವಿ ದೃಶ್ಯ ಆಯೋಗದಲ್ಲೂ ಸಿಗಲಿಲ್ಲ. ಆ ನಿರಾಕರಣೆ ನನಗೆ ಅನ್ಯಾಯ ಅನ್ನಿಸಲಿಲ್ಲ. ಕ್ಯಾಮೆರಾ ಎಲ್ಲಿದೆ, ಯಾವ ಮೂಲೆ ಅದಕ್ಕೆ ಕಾಣುವುದಿಲ್ಲ ಅಂತ ದೃಶ್ಯ ನೋಡಿದರೆ ಗೊತ್ತಾಗುತ್ತದೆ. ಒಂದು ಸಲ ನನ್ನ ಕೈಗೆ ಬಂದದ್ದು ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೆ ಸರಿಯಾದ ದಾರಿ ಕೋರ್ಟು. ದೃಶ್ಯ ಅಳಿಸಿ ಹೋಗುವ ಮೊದಲೇ ಅದನ್ನು ಕಾಪಾಡಿ ಇಡಿ, ತರಿಸಿ ನೋಡಿ ಅಂತ ವಿಚಾರಣಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಂ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 91. ನ್ಯಾಯಾಧೀಶರು ನೋಡಲಿ, ಊರೆಲ್ಲ ನೋಡುವುದು ಬೇಡ. ಈ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಬೇಕು. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ.

ಇನ್ನೊಂದು ಕಡತದ ಬಗ್ಗೆ ನನಗೆ ತಡವಾಗಿ ತಿಳಿಯಿತು. ಜೈಲುಗಳಿಗೆ ಸಂದರ್ಶಕರ ಮಂಡಳಿ ಇರುತ್ತದೆ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ ಇಂಥವರು ಬಂದು ನೋಡಿ, ಕಂಡದ್ದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯಬೇಕು. ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯೂ ಬಂದು ಹೋಗುತ್ತಾರೆ. ಅವರು ಬರೆದಿದ್ದೇನು, ಅದರ ಮೇಲೆ ಆದ ಕ್ರಮವೇನು ಎಂಬುದರಲ್ಲಿ ಕಾವಲಿನ ಗುಟ್ಟು ಇರುವುದು ಅಪರೂಪ. ನೀರು, ಊಟ, ಶೌಚಾಲಯ, ಡಾಕ್ಟರು, ಇವೇ ಇರುತ್ತವೆ. ಒಂದು ಜೈಲಿನ ಸ್ಥಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ.

ಈಗ ಇನ್ನೊಂದು ಅರ್ಜಿ ಹಾಕಿದ್ದೇನೆ. ಇದು ತಮ್ಮನದಲ್ಲ, ಇಡೀ ಜೈಲಿನದು. ಬೇಕಾದವರು ತಮ್ಮ ಜಿಲ್ಲೆಗೆ ಇದನ್ನೇ ಬರೆದುಕೊಳ್ಳಬಹುದು:

"ಕಳೆದ ಹಣಕಾಸು ವರ್ಷದಲ್ಲಿ ಬಂದಿಗಳನ್ನು ಹೊರಗಿನ ಆಸ್ಪತ್ರೆಗೆ ಕರೆದೊಯ್ಯಲು ಈ ಕಾರಾಗೃಹದಿಂದ ಎಸ್ಕಾರ್ಟ್ ಕೋರಿ ಬರೆದ ಪತ್ರಗಳ ಸಂಖ್ಯೆ, ತಿಂಗಳವಾರು. ಅದರಲ್ಲಿ ಕೋರಿದ ದಿನವೇ ಎಸ್ಕಾರ್ಟ್ ಬಂದ ಸಂದರ್ಭಗಳು ಎಷ್ಟು, ಬಾರದೆ ಮುಂದೂಡಿದ ಸಂದರ್ಭಗಳು ಎಷ್ಟು. ಮುಂದೂಡಲು ಕೊಟ್ಟ ಕಾರಣದ ಪತ್ರಗಳ ನಕಲು. ಬಂದಿಗಳ ಹೆಸರು, ಸಿಬ್ಬಂದಿಯ ಹೆಸರು, ವಾಹನದ ವಿವರ, ಮಾರ್ಗದ ವಿವರ ಬೇಕಿಲ್ಲ; ಅವನ್ನು ಕಲಂ 10ರ ಪ್ರಕಾರ ಮುಚ್ಚಿ ನೀಡಬಹುದು."

ಇದೇ ಪ್ರಶ್ನೆಯನ್ನು ಡಿಎಆರ್‌ಗೂ ಬೇರೆಯಾಗಿ ಕಳಿಸಿದ್ದೇನೆ. ಎರಡೂ ಕಡೆಯ ಲೆಕ್ಕ ತಾಳೆ ನೋಡಬೇಕು. ಉತ್ತರ ಬರದಿದ್ದರೆ ಎಂದು ಮೇಲ್ಮನವಿಯ ಕರಡನ್ನೂ ಬರೆದಿಟ್ಟುಕೊಂಡಿದ್ದೇನೆ. ವಕೀಲರು ಅದನ್ನು ನೋಡಿ ಕೊಟ್ಟಿದ್ದಾರೆ.